ಎರೆಹುಳದ ಗೀಜರ್

ಜನ್ಮವಿಡೀ ಎರೆಹುಳದ ಹೊಟ್ಟೆ ನೋಡಿಕೊಂಡು ಕೂತವನಿಗೆ ನಗೆಪಾಟಲು ತಪ್ಪುವುದಿಲ್ಲ. ಆ ನಗೆಪಾಟಲುಗಳನ್ನು ನಾನೇನೂ ಕರೆದು ತಂದದ್ದಲ್ಲ. ತಾವಾಗಿಯೇ ಬಂದು, ಚಪ್ಪಲಿ ಬಿಟ್ಟು, ಒಳಗೆ ಕೂತುಬಿಟ್ಟವು. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಇವತ್ತಿಗೂ ಪೇಟೆಯಲ್ಲಿ ಹಳೇ ವಿದ್ಯಾರ್ಥಿಗಳು ಸಿಕ್ಕರೆ ನನ್ನ ಆರೋಗ್ಯ ವಿಚಾರಿಸುವ ಮೊದಲು, "ಸರ, ಹುಳ ಆರಾಮ ಅದಾವಲ್ರಿ?" ಅನ್ನುತ್ತಾರೆ.

ಮುಂದಿನದು ತಿಳಿಯಬೇಕಾದರೆ ಚೂರು ಪಾಠ ಕೇಳಬೇಕು, ಬೇಜಾರಾಗಬೇಡಿ. ಎರೆಹುಳಕ್ಕೆ ಹಲ್ಲಿಲ್ಲ. ಮಣ್ಣು, ಕಸ, ಕೊಳೆತ ಎಲೆ ಎಲ್ಲವನ್ನೂ ಹಾಗೇ ನುಂಗುತ್ತದೆ. ನುಂಗಿದ್ದನ್ನು ಅರೆಯಲು ಗಂಟಲಿನಿಂದ ಸ್ವಲ್ಪ ಕೆಳಗೆ, ನಮ್ಮ ಕಡೆಯ ಸಾಮಾನ್ಯ ಹುಳದಲ್ಲಾದರೆ ಎಂಟನೇ ಉಂಗುರದ ಹತ್ತಿರ, ಗಟ್ಟಿ ಸ್ನಾಯುವಿನ ಒಂದು ಸಣ್ಣ ಗಂಟು ಇರುತ್ತದೆ. ಹುಳದ ಬೀಸುಕಲ್ಲು ಅದೇ. ಇಂಗ್ಲಿಷಿನಲ್ಲಿ ಅದಕ್ಕೆ ಗಿಝರ್ಡ್ ಅನ್ನುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಕಡೆಯ ಹುಳ ತಂದು, ಯಾವ ಮಣ್ಣಿನದಕ್ಕೆ ಎಂಥ ಗಿಝರ್ಡ್, ಕರುಳೆಷ್ಟು ಉದ್ದ, ಕರುಳಿನ ಒಳಗಿನ ಮಡಿಕೆ ಎಲ್ಲಿಂದ ಶುರುವಾಗುತ್ತದೆ ಎಂದು ಹೋಲಿಸಿ ನೋಡುವುದು ನನ್ನ ಪಿಎಚ್‌ಡಿ.

ಈ ಕೆಲಸದಲ್ಲಿ ನಾನು ಹಲವರನ್ನು ನೋಡಿ ನಕ್ಕೆ. ಯಾರನ್ನು ನೋಡಿ ನಕ್ಕೆನೋ ಅವರೆಲ್ಲರೂ ಸರಿಯಾಗಿಯೇ ಹೇಳಿದ್ದರು ಎಂಬುದು ಈಗೀಗ ಗೊತ್ತಾಗುತ್ತಿದೆ. ಅವರಲ್ಲಿ ಒಬ್ಬರ ಮೇಲೆ ಕೂಗಾಡಿಯೂ ಇದ್ದೆ, ಅವರ ಮುಂದೆ ಹೋಗಿ ತಪ್ಪಾಯಿತು ಎನ್ನಬೇಕಾಗಿತ್ತು. ಇವತ್ತು ನಾಳೆ ಎನ್ನುತ್ತ ವರ್ಷಗಟ್ಟಲೆ ದೂಡಿದೆ.

೧. ಹೊಟ್ಟಿ ಡಾಕ್ಟರ್

ಹೆಣ್ಣು ನೋಡಲು ರಾಯಬಾಗದ ಕಡೆ ಹೋಗಿದ್ದೆವು. ಕಬ್ಬು, ದ್ರಾಕ್ಷಿ ಇದ್ದ ದೊಡ್ಡ ಮನೆ. ನನ್ನ ಕಾಕಾ ಮೊದಲೇ ಹೋಗಿ ಹುಡುಗ ಡಾಕ್ಟರ್ ಆಗುವವನಿದ್ದಾನೆ ಎಂದು ಹೇಳಿಬಂದಿದ್ದರು. ಎಂಥ ಡಾಕ್ಟರ್ ಎಂದು ಕೇಳಿದ್ದಕ್ಕೆ, "ಹೊಟ್ಟೀದು" ಅಂದಿದ್ದರು. ಸುಳ್ಳಂತೂ ಅಲ್ಲ.

ನಾವು ಹೋಗಿ ಕೂತು ಅವಲಕ್ಕಿ ಬಾಯಿಗಿಡುವುದರೊಳಗೆ ಹುಡುಗಿಯ ಅಜ್ಜ ಬಂದು ನನ್ನ ಎದುರಿನ ಹೊರಸಿನ ಮೇಲೆ ಅಂಗಾತ ಮಲಗಿ, ಅಂಗಿ ಮೇಲೆತ್ತಿ, "ಇಲ್ಲಿ ನೋಡ್ರಿ ಡಾಕ್ಟರ್ರ, ಉಂಡ ಮ್ಯಾಲೆ ಗುಡುಗುಡು ಅಂತೈತಿ" ಅಂದರು.

"ಅಜ್ಜಾರ, ನಾನು ಮನಷ್ಯಾರ ಹೊಟ್ಟಿ ನೋಡೂದಿಲ್ರಿ."

"ಮತ್ತ ಯಾರದ್ದು?"

"ಎರಿಹುಳದ್ದು."

ಅಜ್ಜ ಅಂಗಿ ಕೆಳಗೆ ಎಳೆದುಕೊಂಡು ಎದ್ದು ಕೂತು, ಬಹಳ ಹೊತ್ತು ವಿಚಾರ ಮಾಡಿ, "ಹುಳಕ್ಕ ಅಜೀರ್ಣ ಆಗ್ತೈತೇನು?" ಎಂದು ಕೇಳಿದರು. ಅಡುಗೆಮನೆಯ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು: "ಅದಕ್ಕ ಅಜೀರ್ಣ ಆಗಿದ್ರ ನಮ್ಮ ಹೊಲ ಹಿಂಗ ಇರ್ತಿತ್ತೇನ ಅಜ್ಜಾ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಳಗೊಳಗೆ, ಈ ಹುಡುಗಿಗೆ ಬಾಯಿ ಜಾಸ್ತಿ ಎಂದುಕೊಂಡೆ. ಆ ದಿನ ಆ ಮನೆಯಲ್ಲಿ ಆಡಿದ ಮಾತುಗಳಲ್ಲಿ ಪ್ರಾಣಿಶಾಸ್ತ್ರಕ್ಕೆ ಸರಿಹೊಂದುವ ಮಾತು ಅದೊಂದೇ. ಅಷ್ಟು ಚುರುಕು ತಲೆಯವಳನ್ನು ಮದುವೆಯಾಗಿ ಬಂದು ಹುಳ ಇಡುವ ಬಾಟಲಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಚ್ಚಿದೆನಲ್ಲ, ಅದು ಈಗ ಚುಚ್ಚುತ್ತದೆ. ಅವಳಿಗೆ ಮಾತ್ರ ಬೇರೆಯದೇ ದೂರು. ಬಂದ ಬೀಗರಿಗೆಲ್ಲ ಹೇಳುತ್ತಾಳೆ: "ನನ್ನ ನೋಡಾಕ ಅಂತ ಬಂದವ್ರು ನಮ್ಮ ಅಜ್ಜನ ಹೊಟ್ಟಿ ನೋಡಿ ಹೋದ್ರು."

೨. ಮಸಾರಿಹುಳ

ಇನ್ನು ಮಾಮಾನ ವಿಷಯ. ನಮ್ಮ ಪ್ರಯೋಗಾಲಯದ ಅಟೆಂಡರ್. ಸದಲಗಾದವರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಅಪ್ಪ ಅವ್ವ ಮಂದಿಯ ಹೊಲದಲ್ಲಿ ದುಡಿದವರು, ಇವರು ಏಳನೇ ಇಯತ್ತೆ ಕಲಿತು ನೌಕರಿಗೆ ಬಂದವರು. ಕಾಲೇಜಿಗೆ ಕಾಲೇಜೇ ಅವರನ್ನು ಮಾಮಾ ಎನ್ನುತ್ತಿತ್ತು. ನಾನೂ ಮಾಮಾ ಎನ್ನುತ್ತಿದ್ದೆ, ಮರ್ಯಾದೆಯ ರಿ ಹಚ್ಚಿಯೇ ಮಾತಾಡುತ್ತಿದ್ದೆ.

ಒಮ್ಮೆ ಇಬ್ಬರೂ ಹುಳ ತರಲು ಅಥಣಿ ದಾಟಿ ತೆಲಸಂಗಕ್ಕೆ ಹೋದೆವು. ಕೈಯಲ್ಲಿ ಎಣ್ಣೆಯ ಹಳೇ ಡಬ್ಬಿಗಳು. ಕಾಗವಾಡದ ಕಡೆ, ಹೊಳೆ ದಂಡೆಯ ಶಿರಗುಪ್ಪಿಯ ಕಬ್ಬಿನ ಹೊಲದಲ್ಲಿ ಗುದ್ದಲಿ ಹಾಕಿದರೆ ಸಾಕು, ಹುಳ ಸಿಗುತ್ತಿದ್ದವು. ತೆಲಸಂಗದ್ದು ಮಳೆ ನಂಬಿದ ಒಣ ಭೂಮಿ. ಹೊಲದ ಬದುವಿನ ಮೇಲೆ ಕೂತಿದ್ದ ರೈತನಿಗೆ, "ಇಲ್ಲಿ ಎರಿಹುಳ ಸಿಗ್ತಾವೇನ್ರಿ?" ಎಂದು ಕೇಳಿದೆ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದ: "ಸರ, ಇದು ಕೆಂಪ ಮಣ್ಣಿನ ಹೊಲ, ಮಸಾರಿ. ನಿಮಗ ಎರಿಹುಳ ಬೇಕಂದ್ರ ಎರಿ ಹೊಲಕ್ಕ ಹೋಗಬೇಕ್ರಿ, ಆ ಕಡೆ ಕಪ್ಪ ಮಣ್ಣಿಗೆ. ಇಲ್ಲಿ ಬರೇ ಮಸಾರಿಹುಳ."

ನನಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಅಥಣಿ ಬಸ್ ಸ್ಟ್ಯಾಂಡಿನ ತನಕ ನಕ್ಕೆ. ಬಸ್ಸಿನಲ್ಲಿ ಕಂಡಕ್ಟರಿಗೂ ಹೇಳಿ ನಗಿಸಿದೆ. ಮಾಮಾ ನಗಲಿಲ್ಲ. ನಾನು ನಗುತ್ತಿದ್ದ ಹೊತ್ತಿಗೆ ಅವರು ಆ ರೈತನ ಜೊತೆ ಹೋಗಿ, ಬೇವಿನ ಗಿಡದ ಕೆಳಗಿನ ಸಗಣಿ ತಿಪ್ಪೆ ಕೆದರಿ, ಹತ್ತು ಹುಳ ಹಿಡಿದು ಡಬ್ಬಿ ತುಂಬಿಕೊಂಡು ಬಂದಿದ್ದರು.

"ಸರ, ಇವು ಜರಾ ಬ್ಯಾರೇನ ಕಾಣಾಕತ್ತಾವ್ರಿ. ಸಣ್ಣೂ ಅದಾವ, ಭಾಳ ಪುಟಿತಾವ."

"ಹೌದ್ರಿ ಮಾಮಾ, ಮಸಾರಿಹುಳ ಅಲ್ಲೇನ್ರಿ!" ಎಂದು ಮತ್ತೆ ನಕ್ಕೆ. ಮಣ್ಣು ಬೇರೆಯಾದರೆ ಹುಳವೂ ಬೇರೆ ಎಂದು ಆ ರೈತ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದ. ಅದನ್ನೇ ಹೇಳಲು ಸರ್ಕಾರ ನನಗೆ ಮೂರು ವರ್ಷ ಅನುದಾನ ಕೊಟ್ಟಿತ್ತು.

೩. ಎಷ್ಟು ಲೀಟರಿಂದು?

ಹುಳ ಕೊಯ್ಯುವುದರಲ್ಲಿ ಮಾಮಾನ ಕೈ ನನಗಿಂತ ಮೇಲು. ಮೇಣದ ತಟ್ಟೆಯಲ್ಲಿ ನೀರು ಹಾಕಿ, ಸತ್ತ ಹುಳವನ್ನು ಮುಳುಗಿಸಿ ಮಲಗಿಸಿ, ಬೆನ್ನಿನ ಮೇಲೆ ಕತ್ತರಿ ಓಡಿಸಿ, ಎರಡೂ ಕಡೆ ಗುಂಡುಸೂಜಿ ಚುಚ್ಚಿ ಬಿಡಿಸಿಟ್ಟರೆ ಕರುಳು ಒಂದು ಚೂರೂ ಹರಿಯುತ್ತಿರಲಿಲ್ಲ. ನಾನು ಕೊಯ್ದದ್ದು ಅದರ ಪಕ್ಕದಲ್ಲಿಟ್ಟರೆ ಬಸ್ಸಿನ ಕೆಳಗೆ ಸಿಕ್ಕ ಹುಳದ ಹಾಗೆ ಕಾಣುತ್ತಿತ್ತು.

ಒಂದೇ ತೊಂದರೆ. ಗಿಝರ್ಡ್ ಎಂಬ ಶಬ್ದ ಮಾಮಾನ ಬಾಯಿಗೆ ಹೊರಳುತ್ತಿರಲಿಲ್ಲ. ಅವರು ಗೀಜರ್ ಎನ್ನುತ್ತಿದ್ದರು. ನೀರು ಕಾಸುವ ಗೀಜರ್ ಎಲ್ಲರ ಬಾಯಲ್ಲೂ ಬಂದ ಕಾಲ ಅದು. ಹತ್ತು ಸಲ ತಿದ್ದಿದೆ, ಆಮೇಲೆ ಬಿಟ್ಟೆ. ವಿದ್ಯಾರ್ಥಿಗಳು ನನ್ನಿಂದ ಕಲಿಯುವುದಕ್ಕಿಂತ ಮಾಮಾನಿಂದ ಕಲಿಯುವುದೇ ಹೆಚ್ಚಾಗಿದ್ದರಿಂದ ಅವರೂ ಗೀಜರ್ ಎನ್ನತೊಡಗಿದರು.

ವಾರ್ಷಿಕ ಪ್ರಾಯೋಗಿಕ ಪರೀಕ್ಷೆಗೆ ನಿಪ್ಪಾಣಿಯಿಂದ ಒಬ್ಬ ಪರೀಕ್ಷಕರು ಬಂದರು. ಬಹಳ ಗಂಭೀರ ಮನುಷ್ಯ. ಒಬ್ಬ ವಿದ್ಯಾರ್ಥಿನಿ ಬಿಡಿಸಿಟ್ಟ ಹುಳಕ್ಕೆ ಸೂಜಿ ತೋರಿಸಿ, "ಇದೇನು?" ಅಂದರು.

"ಗೀಜರ್ ರಿ ಸರ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದರ ಕೆಲಸ ಏನು?"

ಅವಳಿಗೆ ಗಾಬರಿಯಲ್ಲಿ ಓದಿದ್ದೆಲ್ಲ ಮರೆತುಹೋಗಿತ್ತು. ಹೆಸರಿನ ಮೇಲಿಂದಲೇ ಊಹಿಸಿ, "ಉಂಡದ್ದು ಬಿಸಿ ಆಗ್ತೈತ್ರಿ" ಅಂದಳು.

ಪರೀಕ್ಷಕರು ನಿಧಾನಕ್ಕೆ ನನ್ನ ಕಡೆ ತಿರುಗಿದರು. "ಎಷ್ಟು ಲೀಟರಿಂದ್ರಿ ಇದು?"

೪. ತಣ್ಣೀರಿಗೆ ಯಾರೂ ಸಾಯೂದಿಲ್ಲ

ತೆಲಸಂಗಕ್ಕೆ ಹೋಗಿಬಂದ ಆ ಚಳಿಗಾಲ ಹುಡುಗರ ಹಾಸ್ಟೆಲ್ಲಿನ ಜವಾಬ್ದಾರಿಯೂ ನನ್ನ ತಲೆಗೆ ಬಿದ್ದಿತ್ತು. ಬೆಳಿಗ್ಗೆ ಎದ್ದರೆ ದೂರು: ಬಿಸಿನೀರಿಲ್ಲ, ಗೀಜರ್ ಕೆಟ್ಟಿದೆ. ತೆಲಸಂಗದ ಕಡೆಯವರೂ ಸುಮಾರು ಹತ್ತು ಹುಡುಗರು ಅಲ್ಲಿದ್ದರು. ಒಂದು ದಿನ ಹಾಸ್ಟೆಲ್ಲಿನಲ್ಲಿ ಜಗಳ ಬಿಡಿಸಿ ಕಾಲೇಜಿಗೆ ಬಂದರೆ ಮೇಜಿನ ಮೇಲೆ ಮಾಮಾನ ದುಂಡನೆ ಅಕ್ಷರದ ಚೀಟಿ:

"ತೆಲಸಂಗದ ಹತ್ತಕ್ಕೂ ಗೀಜರ್ ಇಲ್ಲ. ತಾವು ಬಂದು ನೋಡಬೇಕು."

ನನ್ನ ಪಿತ್ತ ನೆತ್ತಿಗೇರಿತು. ಈಗ ಮಾಮಾನ ಕೈಯಿಂದಲೂ ಅರ್ಜಿ ಬರೆಸುತ್ತಿದ್ದಾರಲ್ಲ ಈ ಹುಡುಗರು ಎಂದುಕೊಂಡು ಚೀಟಿಯ ಕೆಳಗೆ "ತಣ್ಣೀರೇ ಸಾಕು" ಎಂದು ಬರೆದು, ಸಹಿ ಹಾಕಿ ಕಳಿಸಿದೆ. ಮಧ್ಯಾಹ್ನ ಮಾಮಾ ತಾವೇ ಬಂದರು.

"ಸರ, ತಣ್ಣೀರಾಗನ ಇಟ್ಟೀನ್ರಿ. ಆದ್ರೂ ಇಲ್ರಿ."

"ಇರ್ಲಿ ಬಿಡ್ರಿ ಮಾಮಾ. ನಾಕ ದಿವ್ಸ ಹಂಗ ಇದ್ರ ರೂಢಿ ಆಗ್ತಾವ."

"ಸತ್ತಾವಲ್ರಿ ಸರ."

"ತಣ್ಣೀರಿಗೆ ಯಾರೂ ಸಾಯೂದಿಲ್ಲ. ಎಲ್ಲಾ ನಾಟಕ."

"ಮತ್ತ... ಏನ ಮಾಡ್ಲಿರಿ ಅವನ್ನ?"

"ಹೊರಗ ಹಾಕ್ರಿ."

"ಹತ್ತೂನೂ?"

"ಹತ್ತೂನೂ!"

ಮಾಮಾ ನನ್ನ ಸಹಿಯ ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದರು. ಒಂದು ವಾರದ ಮೇಲೆ ತೆಲಸಂಗದ ಅಧ್ಯಾಯ ಬರೆಯಲು ಕೂತೆ. ಬಾಟಲಿ ಖಾಲಿ. ಇಪ್ಪತ್ತು ವಿದ್ಯಾರ್ಥಿಗಳ ತರಗತಿ ನಡೆದಿತ್ತು. ಅಲ್ಲಿಗೇ ಹೋಗಿ, ತಟ್ಟೆ ಹಂಚುತ್ತಿದ್ದ ಮಾಮಾನಿಗೆ ಹುಳ ಎಲ್ಲಿ ಎಂದು ಕೇಳಿದೆ.

"ನೀವ ಹೊರಗ ಹಾಕ್ರಿ ಅಂದ್ರಲ್ರಿ. ಪೇರಲ ಗಿಡದ ಬುಡಕ್ಕ ಹಾಕೀನಿ." ಕಿಸೆಯಿಂದ ಚೀಟಿ ತೆಗೆದು ತೋರಿಸಿದರು. ಕೆಳಗೆ ನನ್ನದೇ ಸಹಿ.

ಚೀಟಿ ಹಾಸ್ಟೆಲ್ಲಿನ ಹುಡುಗರದ್ದಲ್ಲ, ಹುಳದ್ದು ಎಂದು ಆಗ ತಲೆಗೆ ಹೊಳೆಯಿತು. ಮುಂದಿನ ಬೆಂಚಿನಲ್ಲಿ ಚೀಟಿ ಓದಿದವರು ಹಿಂದಿನವರಿಗೆ ಹೇಳಿ, ತರಗತಿಯೆಲ್ಲ ನಗತೊಡಗಿತು. ನಾನೂ ನಕ್ಕಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಊರಿಗೆಲ್ಲ ನಗುವ ನನಗೆ ನನ್ನನ್ನು ನೋಡಿ ನಗಲು ಆಗಲಿಲ್ಲ. ಕೂಗಾಡಿದೆ.

"ಗಿಝರ್ಡ್ ಇಲ್ಲದ ಹುಳ ಇರ್ತೈತೇನು? ನಿನ್ನ ಕೈಯಾಗ ಹರದ ಹೋಗಿರಬೇಕು. ಇಷ್ಟ ವರ್ಷ ಆತು, ಒಂದ ಶಬ್ದ ಸರಿಯಾಗಿ ಬರಿಯಾಕ ಬರೂದಿಲ್ಲೇನ ನಿನಗ?"

ನಗು ತಟ್ಟನೆ ನಿಂತಿತು. ಹತ್ತು ವರ್ಷ ಹಿರಿಯ ಮನುಷ್ಯನ ಮುಂದೆ ನನ್ನ ಬಾಯಿಂದ ರಿ ಬಿದ್ದುಹೋಗಿತ್ತು. ಮಾಮಾ, "ತಪ್ಪಾತ್ರಿ ಸರ" ಅಂದರು. ಆ ಮೇಲೆ ಅವರು ನಿವೃತ್ತರಾಗುವ ತನಕ ಆ ಶಬ್ದವನ್ನು ನನ್ನೆದುರು ಆಡಲಿಲ್ಲ. ಹುಡುಗರಿಗೆ ತೋರಿಸಬೇಕಾದಾಗ ಸೂಜಿಯ ತುದಿ ಅದರ ಮೇಲಿಟ್ಟು, "ಇದು" ಎನ್ನುತ್ತಿದ್ದರು.

ಮತ್ತೆ ತೆಲಸಂಗಕ್ಕೆ ಹೋದೆ. ತಿಪ್ಪೆಯನ್ನು ಹೊಲಕ್ಕೆ ಹೇರಿ ಆಗಿತ್ತು, ಹುಳ ಸಿಗಲಿಲ್ಲ. ಪ್ರಬಂಧದಲ್ಲಿ ಒಂದು ಸಾಲು ಬರೆದೆ: ಈ ಐದೂ ಕಡೆಯ ಎಲ್ಲ ಹುಳಗಳಲ್ಲಿ ಗಿಝರ್ಡ್ ಚೆನ್ನಾಗಿ ಬೆಳೆದಿದೆ. ಕೆಂಪು ರಟ್ಟು, ಬಂಗಾರದ ಅಕ್ಷರ, ಡಾಕ್ಟರೇಟ್. ಕೃತಜ್ಞತೆಯ ಪುಟದಲ್ಲಿ ಪ್ರಾಚಾರ್ಯರು, ಮಾವನವರು, ಟೈಪ್ ಮಾಡಿದವರು, ಅಥಣಿ ಬಸ್ಸಿನ ಕಂಡಕ್ಟರ್ ಕೂಡ ಇದ್ದಾರೆ. ಮಾಮಾ ಇಲ್ಲ.

ಅವತ್ತು ಮಾಮಾನಿಗೆ ನಾನು ಅಂದದ್ದನ್ನು ಯಾರೋ ಬಾಗಿಲಲ್ಲಿ ಕೇಳಿಸಿಕೊಂಡಿದ್ದರು, ಸ್ಟಾಫ್ ರೂಮಿನಲ್ಲಿ ಮಾತ್ರ ಆ ಮಾತು ಉಳಿಯಿತು. ನೆಗಡಿಯೆಂದು ನಾನು ರಜೆ ಕೇಳಿದಾಗ ಪ್ರಾಚಾರ್ಯರು ಅರ್ಜಿಯ ಕೆಳಗೆ ಬರೆದರು: "ತಣ್ಣೀರಿಗೆ ಯಾರೂ ಸಾಯೂದಿಲ್ಲ."

೫. ಹಾಲನ್ನ

ಈಗ ಕಾಲೇಜಿನಲ್ಲಿ ಹುಳ ಕೊಯ್ಯುವುದೇ ನಿಂತಿದೆ. ಗೋಡೆಗೆ ಚಿತ್ರ ಹಾಕಿ ತೋರಿಸುತ್ತಾರೆ. ನನ್ನ ಹಲ್ಲುಗಳೂ ಒಂದೊಂದಾಗಿ ನಿವೃತ್ತವಾದವು. ಹೆಂಡತಿ ನನಗೆ ಹಾಲನ್ನ ಕಲಸಿ ಕೊಟ್ಟು, ತಾನು ಎದುರಿಗೆ ಕೂತು ಖಡಕ್ ರೊಟ್ಟಿ ಮುರಿಯುತ್ತಾಳೆ. ಹಿತ್ತಿಲಲ್ಲಿ ಅವಳದೊಂದು ಗೊಬ್ಬರದ ಗುಂಡಿ ಇದೆ. ಕಾಗವಾಡದ ಕಡೆಯ ರೈತರೊಬ್ಬರಿಂದ ಹುಳ ತಂದು ಬಿಟ್ಟಿದ್ದಾಳೆ.

ಕಳೆದ ಮಳೆಗಾಲ ಹೊತ್ತು ಹೋಗದೆ ಗುಂಡಿಯಲ್ಲಿ ಸತ್ತ ಒಂದು ಹುಳ ಎತ್ತಿ ತಂದು, ಬಸಿಯಲ್ಲಿ ನೀರು ಹಾಕಿ, ಭೂತಗನ್ನಡಿ ಹಿಡಿದು ಬಿಡಿಸಿದೆ. ಗಿಝರ್ಡ್ ಇರಲಿಲ್ಲ. ಇನ್ನೊಂದು ನೋಡಿದೆ, ಅದರಲ್ಲೂ ಇರಲಿಲ್ಲ. ಅಲ್ಲಿ ಇದ್ದದ್ದು ಮೆತ್ತನೆ ಕೊಳವೆ, ಹೆಸರಿಗೂ ಗಟ್ಟಿ ಅನ್ನುವಂತಿಲ್ಲ. ಹೆಂಡತಿಯನ್ನು ಕೂಗಿ ತೋರಿಸಿದೆ.

"ಇದರಾಗೇನ ಆಶ್ಚರ್ಯ?" ಅಂದಳು. "ಅವು ತಿನ್ನೂದು ಸಗಣಿ, ಕೊಳತ ಎಲಿ. ಮೆತ್ತಂದು. ಮಣ್ಣ ತಿನ್ನೂ ಹುಳಕ್ಕ ಬೀಸುಕಲ್ಲ ಬೇಕು. ಇವಕ್ಕ್ಯಾಕ ಬೇಕು? ನಿಮಗೇನ ನಾ ರೊಟ್ಟಿ ಕೊಡಾಕತ್ತೀನೇನು?"

ಕಪಾಟಿನಲ್ಲಿದ್ದ ನನ್ನದೇ ಹಳೇ ಪಠ್ಯಪುಸ್ತಕ ತೆಗೆದು ನೋಡಿದರೆ ಅದರಲ್ಲೂ ಹಾಗೇ ಇತ್ತು. ತಿಪ್ಪೆಯ ಹುಳದ ಕೆಲವು ಜಾತಿಗಳಲ್ಲಿ ಗಿಝರ್ಡ್ ಇದ್ದೂ ಇಲ್ಲದಂತೆ ಎಂದು. ಲೋಕಕ್ಕೆ ಅದು ಹೊಸದಲ್ಲ. ನಾನು ಓದಿರಲಿಲ್ಲ, ಮಾಮಾ ಕಣ್ಣಿಂದ ನೋಡಿದ್ದರು, ಅಷ್ಟೇ ವ್ಯತ್ಯಾಸ. ಅವರ ಕೈಯಲ್ಲಿ ಯಾವ ಕರುಳೂ ಹರಿದಿರಲಿಲ್ಲ. ಹೆಂಡತಿಗೆ ಎಲ್ಲ ಹೇಳಿದೆ. ಕೇಳಿಸಿಕೊಂಡು ಅಂದಳು: "ಹುಳಕ್ಕ ಅಜೀರ್ಣ ಆಗೂದಿಲ್ಲ. ನಿಮಗ ಆಗೇತಿ. ಹೋಗಿ ಹೇಳಿ ಬರ್ರಿ."

೬. ಸದಲಗಾದಲ್ಲಿ ಜಳಕ

ಕೆಂಪು ರಟ್ಟಿನ ಪ್ರಬಂಧ ಚೀಲದಲ್ಲಿಟ್ಟುಕೊಂಡು ಸದಲಗಾಕ್ಕೆ ಹೋದೆ. ಅಂಗಳದಲ್ಲಿ ಎರಡು ಎಮ್ಮೆ, ಒಳಗೆ ಗೋಡೆಯ ಮೇಲೆ ಬುದ್ಧನ ಪಟ. ಮಾಮಾ ಮುದುಕರಾಗಿದ್ದರು. ಸೊಸೆ ಮೊದಲೇ ಎಚ್ಚರಿಸಿದಳು: "ಮಾಮಾರಿಗೆ ಕಿವಿ ಜರಾ ಕಮ್ಮಿ ಅದಾವ್ರಿ. ಜೋರ ಮಾತಾಡ್ರಿ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅವರ ಮುಖ ನೋಡಿದ ಕೂಡಲೇ ಮರೆತುಹೋಯಿತು. "ಮಾಮಾ, ಅವತ್ತ ಗೀಜರ್ ಇಲ್ಲ ಅಂದಿದ್ರಲ್ಲ, ಅದರ ಸಲುವಾಗಿ ಬಂದೀನ್ರಿ" ಎಂದು ಕೂಗಿದೆ.

ಮಾಮಾನ ಮುಖದಲ್ಲಿ ಕನಿಕರ ಮೂಡಿತು. ಸೊಸೆಯ ಕಡೆ ತಿರುಗಿ, "ಸರ್ ಮನ್ಯಾಗ ಗೀಜರ್ ಇಲ್ಲಂತವಾ. ಪಾಪ, ಚಿಕ್ಕೋಡಿಯಿಂದ ಜಳಕಾ ಮಾಡಾಕ ಬಂದಾರ. ನಮ್ಮದ ಹಚ್ಚ" ಅಂದರು.

"ಅಲ್ರಿ ಮಾಮಾ, ನಾ ಹೇಳೂದು..."

"ನಾಚಬ್ಯಾಡ್ರಿ ಸರ. ಹೋದ ದೀಪಾವಳಿಗೆ ಕೂಡಿಸೀವಿ. ನೀರ ಬರೋಬ್ಬರಿ ಕಾಯ್ತಾವ."

ಕೈಗೆ ಹೊಸ ಟವೆಲ್ಲು, ಸಾಬೂನು ಬಂತು. ಎಷ್ಟು ಕೂಗಿದರೂ ಮಾಮಾನಿಗೆ ತಿಳಿಯಲಿಲ್ಲ. ಮಟಮಟ ಮಧ್ಯಾಹ್ನ ಮಂದಿಯ ಮನೆಯಲ್ಲಿ ಎರಡನೇ ಜಳಕ ಮಾಡಿದೆ. "ತಲೀಗೂ ಹಾಕೋರಿ!" ಎಂದು ಹೊರಗಿನಿಂದ ಕೂಗಿದರು, ತಲೆಗೂ ಹಾಕಿಕೊಂಡೆ. ಕ್ಷಮೆ ಕೇಳಲು ಹೋದವನು ಹಬ್ಬದ ದಿನದವನಂತೆ ನೀರು ಸೋರಿಸಿಕೊಂಡು ಹೊರಗೆ ಬಂದು ಕೂತೆ.

ಮಾತಿನಿಂದ ಆಗುವುದಿಲ್ಲವೆಂದು ಪ್ರಬಂಧ ತೆಗೆದು ಅವರ ತೊಡೆಯ ಮೇಲಿಟ್ಟೆ. ಆ ಸುಳ್ಳು ಸಾಲನ್ನು ಮನೆಯಲ್ಲೇ ಕೆಂಪು ಶಾಯಿಯಿಂದ ಹೊಡೆದು, ಕೆಳಗೆ ಬರೆದು ತಂದಿದ್ದೆ: "ಇದು ತಪ್ಪು. ತೆಲಸಂಗದ ಮಸಾರಿ ಹುಳಕ್ಕೆ ಗೀಜರ್ ಇಲ್ಲ. ಇದನ್ನು ಮೊದಲು ಕಂಡವರು," ಮುಂದೆ ಮಾಮಾನ ಪೂರ್ತಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಕೆಳಗೆ ನನ್ನ ಸಹಿ. ಗೀಜರ್ ಎಂದು ಬೇಕೆಂದೇ ಬರೆದಿದ್ದೆ. ಕಂಡವರು ಅವರು, ಅವರ ಶಬ್ದವೇ ಇರಲಿ ಎಂದು.

ಮಾಮಾ ಚಷ್ಮಾ ಹಾಕಿಕೊಂಡು, ಅಕ್ಷರದ ಕೆಳಗೆ ಬೆರಳು ಸರಿಸುತ್ತ ಓದಿದರು. ತಮ್ಮ ಹೆಸರಿನ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು. ಆಮೇಲೆ ಬೆರಳು ಹಿಂದಕ್ಕೆ ಸರಿದು ಒಂದು ಶಬ್ದದ ಮೇಲೆ ಕೂತಿತು. ನನ್ನ ಕಿಸೆಯಿಂದ ಪೆನ್ನು ಎಳೆದುಕೊಂಡು, ಗೀಜರ್ ಎಂಬುದನ್ನು ಹೊಡೆದು, ಅದರ ಮೇಲೆ ದುಂಡಗೆ "ಗಿಝರ್ಡ್" ಎಂದು ಬರೆದರು. ಬರೆದು, ನನ್ನ ಕಡೆ ನೋಡಿ, ಓಣಿಗೆಲ್ಲ ಕೇಳುವಂತೆ ಅಂದರು:

"ಇಷ್ಟ ವರ್ಷ ಆತು. ಒಂದ ಶಬ್ದ ಸರಿಯಾಗಿ ಬರಿಯಾಕ ಬರೂದಿಲ್ಲೇನ್ರಿ ನಿಮಗ?"

ನನ್ನ ಮಾತನ್ನು ಜೋಪಾನ ಮಾಡಿ ಇಟ್ಟುಕೊಂಡಿದ್ದು ನನಗೇ ಮರಳಿ ಕೊಟ್ಟರು. ಅವತ್ತು ನಾನು ಬೀಳಿಸಿದ ರಿ ಒಂದನ್ನು ಮಾತ್ರ ಅವರು ತಾವೇ ಹಚ್ಚಿದ್ದರು.

"ತಪ್ಪಾತ್ರಿ ಮಾಮಾ" ಅಂದೆ.

"ಆಂ?" ಎಂದು ಕಿವಿಗೆ ಕೈ ಹಚ್ಚಿದರು.

"ತಪ್ಪಾತ್ರಿ!"

"ಏನಂದ್ರಿ?"

ಎದ್ದು ನಿಂತು, ಇದ್ದ ಉಸಿರೆಲ್ಲ ಹಾಕಿ ಕೂಗಿದೆ: "ನಂದು ತಪ್ಪಾತ್ರಿ ಮಾಮಾ!" ಎಮ್ಮೆಗಳು ಬೆದರಿ ಹಗ್ಗ ಜಗ್ಗಿದವು. ಎದುರು ಮನೆಯವರು, ಪಕ್ಕದ ಮನೆಯವರು ಏನಾಯಿತೆಂದು ಹೊರಗೆ ಬಂದು ನಿಂತರು. ಹೆಚ್ಚು ಕಡಿಮೆ ಇಪ್ಪತ್ತು ಮಂದಿ ಇದ್ದಿರಬೇಕು, ಅವತ್ತಿನ ತರಗತಿಯಷ್ಟು.

ಮಾಮಾ ಎಲ್ಲರನ್ನೂ ಒಮ್ಮೆ ನೋಡಿ, ಚಷ್ಮಾ ತೆಗೆದು ಮಡಚಿಟ್ಟು, ಮೆಲ್ಲಗೆ ಅಂದರು:

"ಮೊದಲನೇ ಸಲಾನ ಕೇಳಿತ್ರಿ ಸರ."